ಲೆಸ್ಟರ್‌ನಲ್ಲಿ 28 ದಿನಗಳ ಕ್ರೈಸ್ತ ಬಾನುಲಿ: ತರಂಗಾಂತರ ಸಿಗದಿದ್ದರೆ

2026ರ ಬೂದಿ ಬುಧವಾರದಿಂದ 28 ದಿನ ಪ್ರಸಾರ ಮಾಡಲು ಅಲ್ಪಾವಧಿ ಪರವಾನಗಿ ಕೋರಿದ ನಿಮ್ಮ ಕ್ರೈಸ್ತ ಸಭೆಗೆ ಎಫ್‌ಎಂ ತರಂಗಾಂತರ ಲಭ್ಯವಿಲ್ಲವೆಂಬ ಉತ್ತರ ಬಂದಿರುವುದಕ್ಕೆ ಬಹುಮಟ್ಟಿಗೆ ನೀವು ಆರಿಸಿದ ದಿನಾಂಕಗಳೇ ಕಾರಣ, ಕಾರ್ಯಕ್ರಮದ ಧಾರ್ಮಿಕ ಸ್ವರೂಪವಲ್ಲ. ಆ ವರ್ಷ ಬೂದಿ ಬುಧವಾರದಂದು ಶುರುವಾಗುವ ತಪಸ್ಸುಕಾಲವೂ (ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲ) ರಂಜಾನ್ ಮಾಸವೂ ಫೆಬ್ರುವರಿ 18ರ ಆಸುಪಾಸಿನಲ್ಲೇ ಆರಂಭವಾಗುತ್ತವೆ; ರಂಜಾನ್‌ಗೆಂದೇ ಅಲ್ಪಾವಧಿ ಪರವಾನಗಿ ಪಡೆಯುವ ಸಂಘಗಳು ಬ್ರಿಟನ್ನಿನ ನಗರಗಳಲ್ಲಿ ಹಲವಿರುವುದರಿಂದ ಖಾಲಿ ತರಂಗಾಂತರ ಬೇಗ ಮುಗಿಯುತ್ತದೆ. ಇದು ನನ್ನ ಊಹೆ, ಆದ್ದರಿಂದ ಮೊದಲು ಬ್ರಿಟನ್ನಿನ ಪ್ರಸಾರ ನಿಯಂತ್ರಣ ಸಂಸ್ಥೆಯಾದ ಆಫ್‌ಕಾಮ್‌ಗೆ ಬರೆದು ಕಾರಣವನ್ನು ಖಚಿತಪಡಿಸಿಕೊಳ್ಳಿ.

ಅದೇ ನಿಜವಾದರೆ, ರಂಜಾನ್ ಮುಗಿದ ಮೇಲಿನ ಅವಧಿಗೆ, ಅಂದರೆ ಮಾರ್ಚ್ 22ರಿಂದ ಏಪ್ರಿಲ್ 5ರ ಈಸ್ಟರ್ ದಾಟುವವರೆಗೆ, ಹೊಸದಾಗಿ ಅರ್ಜಿ ಹಾಕಿ. 28 ದಿನ ಎಂಬುದು ಅಲ್ಪಾವಧಿ ಪರವಾನಗಿಯ ಗರಿಷ್ಠ ಮಿತಿ. ಅಷ್ಟನ್ನೂ ತುಂಬಬೇಕೆಂಬ ನಿಯಮವಿಲ್ಲ. ಗರಿಗಳ ಭಾನುವಾರ, ಶುಭ ಶುಕ್ರವಾರ, ಈಸ್ಟರ್ ಮೂರೂ ಈ ಎರಡು ವಾರಗಳಲ್ಲೇ ಬರುವುದರಿಂದ, ಸ್ವಯಂಸೇವಕರು ದಣಿಯದೆ ನಿಭಾಯಿಸಬಹುದಾದ ಈ ಅವಧಿಯೇ ಮೇಲೆಂಬುದು ನನ್ನ ದೃಢ ಅಭಿಪ್ರಾಯ.

ಬಳಿಕ ಕೀರ್ತನೆಗಳ ಧ್ವನಿಮುದ್ರಣಗಳಿಗಾಗಿ ಪಿಆರ್‌ಎಸ್ (ಗೀತರಚನೆಯ ಹಕ್ಕು ನೋಡಿಕೊಳ್ಳುವ ಸಂಸ್ಥೆ) ಮತ್ತು ಪಿಪಿಎಲ್ (ಧ್ವನಿಮುದ್ರಣದ ಹಕ್ಕು ನೋಡಿಕೊಳ್ಳುವ ಸಂಸ್ಥೆ) ಎರಡರ ಅನುಮತಿಯನ್ನೂ ಪಡೆಯಿರಿ. ಪ್ರಸಾರವಾದ ಪ್ರತಿಯೊಂದು ಕಾರ್ಯಕ್ರಮದ ಧ್ವನಿಮುದ್ರಣವನ್ನು 42 ದಿನ ಕಾಪಾಡಬೇಕಾದ್ದರಿಂದ ಅದಕ್ಕೆಂದೇ ಒಂದು ಕಂಪ್ಯೂಟರ್ ಮೀಸಲಿಡಿ. ಸಾಕ್ಷಿ (ತಮ್ಮ ನಂಬಿಕೆಯ ಅನುಭವ) ಹೇಳಲು ಬರುವವರಿಗೆ ಒಂದು ಮಾತನ್ನು ಮುಂಚಿತವಾಗಿ ತಿಳಿಸಿ: ಬದುಕಿರುವ ವ್ಯಕ್ತಿಗೆ ರೋಗ ಗುಣಪಡಿಸುವ ವಿಶೇಷ ಶಕ್ತಿಯಿದೆ ಎಂಬಂಥ ಹೇಳಿಕೆಯನ್ನು ತಕ್ಕ ವಸ್ತುನಿಷ್ಠತೆಯಿಲ್ಲದೆ ಪ್ರಸಾರ ಮಾಡುವುದು ಆಫ್‌ಕಾಮ್‌ನ ಪ್ರಸಾರ ಸಂಹಿತೆಗೆ ವಿರುದ್ಧ. ನೇರ ಪ್ರಸಾರದಲ್ಲಿ ಇದನ್ನು ತಡೆಯುವುದು ಕಷ್ಟ, ಆದ್ದರಿಂದ ಸಾಕ್ಷಿಗಳನ್ನು ಮೊದಲೇ ಧ್ವನಿಮುದ್ರಿಸಿಕೊಳ್ಳಿ.

ಪರವಾನಗಿ ಕೈಸೇರುವ ಮುನ್ನ ತರಂಗಾಂತರದ ಸಂಖ್ಯೆಯನ್ನು ಕರಪತ್ರದಲ್ಲಿ ಅಚ್ಚು ಹಾಕಿಸಬೇಡಿ.