ಬ್ರೇಕು ಇಳಿಜಾರಿನ ಕೊನೆಯವರೆಗೂ ಹಿಡಿಯಬೇಕು

ಪ್ರಶ್ನೆ: ಸರ್, ನನ್ನ ತೂಕ 88 ಕೆ.ಜಿ. ಮೌಂಟನ್ ಬೈಕಿಗೆ ಎರಡು ಪಿಸ್ಟನ್‌ನ ಹೈಡ್ರಾಲಿಕ್ ಡಿಸ್ಕ್ ಬ್ರೇಕು ಇದೆ. ಹಿಂದೆ ಮುಂದೆ ಎರಡೂ ಕಡೆ 160 ಮಿ.ಮೀ. ರೋಟರ್ (ಚಕ್ರದ ಜೊತೆ ತಿರುಗುವ ತಟ್ಟೆ). ಸಮತಟ್ಟಾದ ದಾರಿಯಲ್ಲಿ ಏನೂ ತೊಂದರೆ ಇಲ್ಲ. ಉದ್ದನೆಯ ಇಳಿಜಾರಿನಲ್ಲಿ ಮಾತ್ರ ಅರ್ಧ ದಾರಿ ಬರುವಷ್ಟರಲ್ಲಿ ಎಷ್ಟು ಒತ್ತಿದರೂ ಸರಿಯಾಗಿ ಹಿಡಿಯುವುದಿಲ್ಲ, ಬೆರಳು ಸೋತು ಹೋಗುತ್ತವೆ. ಒಂದು ಸಲ ಲಿವರ್ ಪೂರ್ತಿ ಹ್ಯಾಂಡಲ್‌ಗೆ ತಾಗುವಷ್ಟು ಒಳಗೆ ಹೋಗಿಬಿಟ್ಟಿತು. ನಾಲ್ಕು ಪಿಸ್ಟನ್‌ನ ಬ್ರೇಕು ಹಾಕಿಸು ಅಂತ ಗೆಳೆಯರು ಹೇಳುತ್ತಾರೆ. ಹಾಕಿಸಲಾ? ಯಾವುದು ಗಟ್ಟಿ, ಯಾವುದು ನಂಬಿಕೆಗೆ ಯೋಗ್ಯ?

ಉತ್ತರ: ಮೊದಲು ಒಂದು ಮಾತು. ಲಿವರ್ ಹ್ಯಾಂಡಲ್‌ವರೆಗೆ ಹೋದ ಬ್ರೇಕನ್ನು ಸರಿಮಾಡಿಸದೆ ಮತ್ತೆ ಆ ಇಳಿಜಾರಿಗೆ ಹೋಗಬೇಡಿ. ತಣ್ಣಗಾದ ಮೇಲೆ ಲಿವರ್ ಮತ್ತೆ ಗಟ್ಟಿಯಾಗುತ್ತದೆ, ಸರಿಹೋಯಿತು ಅನ್ನಿಸುತ್ತದೆ. ಆದರೆ ಅದು ಸರಿಹೋಗಿರುವುದಿಲ್ಲ.

ನಿಮ್ಮ ಪತ್ರದಲ್ಲಿ ಇರುವುದು ಒಂದು ತೊಂದರೆಯಲ್ಲ, ಎರಡು. ಲಿವರ್ ಗಟ್ಟಿಯಾಗೇ ಇದೆ, ಬ್ರೇಕು ಮಾತ್ರ ಹಿಡಿಯುತ್ತಿಲ್ಲ ಅಂದರೆ ರೋಟರನ್ನು ಎರಡೂ ಕಡೆಯಿಂದ ಅದುಮುವ ಪ್ಯಾಡು ಕಾದು ಹಿಡಿತ ಕಳೆದುಕೊಂಡಿದೆ. ಲಿವರೇ ಮೆತ್ತಗಾಗಿ ಒಳಗೆ ಹೋಯಿತು ಅಂದರೆ ಒಳಗಿನ ಬ್ರೇಕ್ ಆಯಿಲ್ ಕುದಿದು ಆವಿಯ ಗುಳ್ಳೆ ಎದ್ದಿದೆ, ಇಲ್ಲವೇ ಮೊದಲೇ ಲೈನಿನಲ್ಲಿ ಗಾಳಿ ಸೇರಿಕೊಂಡಿದೆ. ಆಯಿಲನ್ನು ಅಮುಕಲು ಆಗುವುದಿಲ್ಲ, ಗುಳ್ಳೆಯನ್ನು ಅಮುಕಬಹುದು. ಹಾಗಾಗಿ ನೀವು ಒತ್ತಿದ್ದೆಲ್ಲ ಗುಳ್ಳೆ ಕುಗ್ಗಿಸಲು ಖರ್ಚಾಗುತ್ತದೆ, ಪ್ಯಾಡನ್ನು ತಳ್ಳುವ ಪಿಸ್ಟನ್‌ಗೆ ತಲುಪುವುದೇ ಇಲ್ಲ. ಎರಡರ ಮೂಲವೂ ಬಿಸಿಯೇ.

ಆ ಬಿಸಿ ಎಷ್ಟು ಅಂತ ಒಮ್ಮೆ ಲೆಕ್ಕ ಹಾಕಿ ನೋಡೋಣ. ನೀವು, ಬೈಕು, ಬೆನ್ನಿನ ಚೀಲ ಎಲ್ಲ ಸೇರಿ 105 ಕೆ.ಜಿ. ಅಂದುಕೊಳ್ಳಿ. 300 ಮೀಟರ್ ಎತ್ತರದಿಂದ ಕೆಳಗೆ ಬಂದರೆ ಹತ್ತಿರ ಹತ್ತಿರ 3 ಲಕ್ಷ ಜೂಲ್ ಶಕ್ತಿ ಎಲ್ಲಾದರೂ ಹೋಗಲೇಬೇಕು. ಒಂದು ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಹೆಚ್ಚುಕಡಿಮೆ ಅಷ್ಟೇ ಶಾಖ ಬೇಕು. ಅದರಲ್ಲಿ ಸ್ವಲ್ಪ ಗಾಳಿಗೆ, ಸ್ವಲ್ಪ ಟೈರಿಗೆ ಹೋಗುತ್ತದೆ. ನಿಧಾನವಾಗಿ, ಬ್ರೇಕು ಹಿಡಿದುಕೊಂಡೇ ಇಳಿದರೆ ಉಳಿದದ್ದೆಲ್ಲ ಎರಡು ತೆಳು ತಗಡಿನ ಮೇಲೆ ಬೀಳುತ್ತದೆ. 160ರ ರೋಟರ್ ಒಂದೊಂದೂ ತೂಗುವುದು ನೂರು ಚಿಲ್ಲರೆ ಗ್ರಾಂ ಅಷ್ಟೇ, ಅಷ್ಟು ಸಣ್ಣ ಲೋಹ ಇಷ್ಟು ಬಿಸಿಯನ್ನು ನುಂಗಿಕೊಂಡು ಗಾಳಿಗೆ ಬಿಡುತ್ತಾ ಇರಬೇಕು ಅಂದರೆ ಅದಕ್ಕೂ ಒಂದು ಮಿತಿ ಇರುತ್ತದೆ ಅಲ್ವಾ. ಅದಕ್ಕೇ ನಾನು ಬ್ರೇಕು ಆರಿಸುವಾಗ ಮೊದಲ ಒತ್ತಿಗೆ ಎಷ್ಟು ಜೋರಾಗಿ ಹಿಡಿಯಿತು ಅಂತ ನೋಡುವುದಿಲ್ಲ. ಅಂಗಡಿಯ ಮುಂದೆ ಎಲ್ಲ ಬ್ರೇಕೂ ಚೆನ್ನಾಗೇ ಹಿಡಿಯುತ್ತದೆ. ಹತ್ತನೇ ತಿರುವಿನಲ್ಲಿ ಲಿವರ್ ಮೊದಲು ಇದ್ದ ಜಾಗದಲ್ಲೇ ಇದೆಯಾ ಅನ್ನುವುದು ಮುಖ್ಯ.

ಹಾಗಾಗಿ ನಿಮಗೆ ನನ್ನ ಸಲಹೆ: ಕ್ಯಾಲಿಪರ್‌ಗೆ (ಪಿಸ್ಟನ್, ಪ್ಯಾಡು ಕೂತಿರುವ ಭಾಗ) ಮುಂಚೆ ರೋಟರ್ ಬದಲಿಸಿ. ಮುಂದೆ 203, ಹಿಂದೆ 180. ಅದೇ ಕ್ಯಾಲಿಪರ್, ಅದೇ ಲಿವರ್, ಅದೇ ಬೆರಳಿನ ಒತ್ತಡಕ್ಕೆ 160ರಿಂದ 180ಕ್ಕೆ ಹೋದರೆ ಸುಮಾರು ಶೇ. 12, 203ಕ್ಕೆ ಹೋದರೆ ಸುಮಾರು ಶೇ. 27 ಹೆಚ್ಚು ಹಿಡಿತ ಸಿಗುತ್ತದೆ. ಬಾಗಿಲನ್ನು ಕೀಲಿನ ಪಕ್ಕದಲ್ಲಿ ತಳ್ಳುವುದಕ್ಕೂ ಹಿಡಿಯ ಹತ್ತಿರ ತಳ್ಳುವುದಕ್ಕೂ ಇರುವ ವ್ಯತ್ಯಾಸವೇ ಇದು. ಲೋಹ ಜಾಸ್ತಿ, ಗಾಳಿ ತಾಗುವ ಜಾಗ ಜಾಸ್ತಿ, ಆದ್ದರಿಂದ ಬೇಗ ತಣಿಯುತ್ತದೆ ಕೂಡ. ಬೇಕಾಗುವುದು ರೋಟರ್, ಸರಿಯಾದ ಅಡಾಪ್ಟರ್, ಅದಕ್ಕೆ ಹೊಂದುವ ಬೋಲ್ಟ್. ಆದರೆ ನಿಮ್ಮ ಫೋರ್ಕ್ ಮತ್ತು ಫ್ರೇಮ್ ಎಷ್ಟು ದೊಡ್ಡ ರೋಟರ್ ತಡೆದುಕೊಳ್ಳುತ್ತವೆ ಅಂತ ಅವುಗಳ ಕಂಪನಿ ಬರೆದಿರುತ್ತದೆ. ಅದನ್ನು ಓದಿ. ಮೀರಬೇಡಿ. ಹಗುರ ಫೋರ್ಕುಗಳಿಗೆ 180ರ ಮೇಲೆ ಹಾಕಬಾರದು ಅಂತ ಇರುವುದುಂಟು. ರೋಟರ್ ಕೂರುವ ಚಕ್ರದ ನಡುಭಾಗ, ಅಂದರೆ ಹಬ್, ಆರು ಬೋಲ್ಟಿನದಾ, ಸೆಂಟರ್ ಲಾಕ್ ಬಗೆಯದಾ ಅಂತಲೂ ನೋಡಿಕೊಂಡೇ ತನ್ನಿ.

ದಪ್ಪವನ್ನೂ ಗಮನಿಸಿ. ಶಿಮಾನೋ ರೋಟರ್ ಹೊಸದಿದ್ದಾಗ 1.8 ಮಿ.ಮೀ. ಇರುತ್ತದೆ, ಸವೆದು 1.5ಕ್ಕೆ ಬಂದರೆ ಬಿಸಾಡಬೇಕು. ಮಗೂರಾದ್ದು 2 ಮಿ.ಮೀ., 1.8ಕ್ಕೆ ಬಂದರೆ ಅದರ ಆಯಸ್ಸು ಮುಗಿಯಿತು. ಅಂದರೆ ಒಬ್ಬರ ಹೊಸ ರೋಟರ್ ಇನ್ನೊಬ್ಬರ ಸವೆದ ರೋಟರ್ ಇದ್ದ ಹಾಗೆ. ನಿಮ್ಮ ಬ್ರೇಕಿಗೆ ಅದರ ಕಂಪನಿ ಹೇಳಿದ ದಪ್ಪವನ್ನೇ ಹಾಕಿ.

ಇನ್ನು ಪ್ಯಾಡು. ರೆಸಿನ್ ಪ್ಯಾಡು ಮೆದು, ಸದ್ದು ಕಡಿಮೆ, ತಣ್ಣಗಿದ್ದಾಗಲೇ ಚೆನ್ನಾಗಿ ಕಚ್ಚುತ್ತದೆ. ಆದರೆ ಕೆಸರಿನಲ್ಲಿ ಬೇಗ ಸವೆಯುತ್ತದೆ, ತುಂಬಾ ಕಾದರೆ ಮೇಲ್ಮೈ ಗಾಜಿನ ಹಾಗೆ ನುಣುಪಾಗಿ ಜಾರತೊಡಗುತ್ತದೆ. ಮೆಟಲ್ ಪ್ಯಾಡು ಶಾಖ ತಡೆಯುತ್ತದೆ, ಬಹಳ ದಿನ ಬಾಳುತ್ತದೆ, ಮಳೆಗೂ ಒಳ್ಳೆಯದು. ಸದ್ದು ಜಾಸ್ತಿ, ಮತ್ತೆ ಪಿಸ್ಟನ್ ಕಡೆಗೆ ಬಿಸಿ ದಾಟಿಸುವುದೂ ಜಾಸ್ತಿ. ನಿಮ್ಮ ತೂಕಕ್ಕೆ, ನಿಮ್ಮ ಇಳಿಜಾರಿಗೆ ನಾನು ಮೆಟಲ್ ಪ್ಯಾಡನ್ನೇ ಹಾಕುತ್ತೇನೆ. ಆದರೆ ಕೆಲವು ಕಡಿಮೆ ದರ್ಜೆಯ ರೋಟರ್‌ಗಳ ಮೇಲೆ ‘ರೆಸಿನ್ ಪ್ಯಾಡ್ ಓನ್ಲಿ’ ಅಂತ ಕೊರೆದಿರುತ್ತದೆ. ಹಾಗಿದ್ದರೆ ಮೆಟಲ್ ಪ್ಯಾಡು ಆ ರೋಟರನ್ನೇ ತಿಂದುಹಾಕುತ್ತದೆ. ಬೈಕಿನ ಜೊತೆ ಬಂದ ರೋಟರ್‌ಗಳಲ್ಲಿ ಇದು ತುಂಬಾ ಸಾಮಾನ್ಯ, ಆದ್ದರಿಂದ ಈಗಲೇ ಹೋಗಿ ಒಮ್ಮೆ ನೋಡಿ ಬನ್ನಿ.

ಮೂರನೆಯದು ಆಯಿಲ್. ಕಡೆಗೆ ಯಾವಾಗ ಬದಲಿಸಿದಿರಿ? ನಿಮ್ಮ ಪತ್ರದಲ್ಲಿ ಅದಿಲ್ಲ. ಬ್ರೇಕ್ ಆಯಿಲಿನಲ್ಲಿ ಎರಡು ಬಗೆ, ಡಾಟ್ ಮತ್ತು ಮಿನರಲ್. ಡಾಟ್ ಆಯಿಲ್ ಗಾಳಿಯಲ್ಲಿನ ತೇವವನ್ನು ಎಳೆದುಕೊಳ್ಳುತ್ತದೆ. ಡಾಟ್ 5.1ಕ್ಕೆ ಇರುವ ಅಳತೆಯ ಪ್ರಕಾರ ಹೊಸದು 260 ಡಿಗ್ರಿಯವರೆಗೂ ಕುದಿಯಬಾರದು, ತೇವ ಹೀರಿದ್ದಕ್ಕೆ ಆ ಮಿತಿ 180 ಡಿಗ್ರಿ ಮಾತ್ರ. ಮಿನರಲ್ ಆಯಿಲ್ ತೇವ ಹೀರುವುದಿಲ್ಲ, ಆದರೆ ನೀರು ಹೇಗಾದರೂ ಒಳಗೆ ಸೇರಿದರೆ ಅದು ಬೆರೆಯದೆ ಕೆಳಗೆ ಇಳಿದು ಕ್ಯಾಲಿಪರ್‌ನಲ್ಲೇ ನಿಲ್ಲುತ್ತದೆ, ಬಿಸಿ ಹುಟ್ಟುವುದೂ ಅಲ್ಲೇ, ನೀರು ಕುದಿಯುವುದು ನೂರಕ್ಕೇ. ನನಗೂ ಹೀಗಾಗಿದೆ. ಎರಡು ವರ್ಷ ಆಯಿಲ್ ಮುಟ್ಟಿರಲಿಲ್ಲ, ಒಂದು ತಿರುವಿನಲ್ಲಿ ಲಿವರ್ ಖಾಲಿ ಹೋಯಿತು, ಪಕ್ಕದ ಪೊದೆಗೆ ಬೈಕು ನುಗ್ಗಿಸಿ ನಿಲ್ಲಿಸಬೇಕಾಯಿತು. ಕೈ ನಡುಗುವುದು ನಿಲ್ಲಲು ಬಹಳ ಹೊತ್ತು ಬೇಕಾಯಿತು. ಅಲ್ಲಿಂದ ಈಚೆಗೆ ವರ್ಷಕ್ಕೊಮ್ಮೆ ತಪ್ಪದೆ ಬ್ಲೀಡ್ ಮಾಡುತ್ತೇನೆ, ಅಂದರೆ ಹಳೆಯ ಆಯಿಲ್, ಗಾಳಿ ಹೊರತೆಗೆದು ಹೊಸ ಆಯಿಲ್ ತುಂಬುತ್ತೇನೆ.

ಎರಡೂ ಬಗೆಯ ಆಯಿಲನ್ನು ಯಾವತ್ತೂ ಬೆರೆಸಬೇಡಿ, ಒಂದರ ಬದಲು ಇನ್ನೊಂದು ಹಾಕಬೇಡಿ. ಸೀಲುಗಳು ಊದಿ ಕೆಟ್ಟುಹೋಗುತ್ತವೆ. ಶಿಮಾನೋ, ಮಗೂರಾ, ಟಿಆರ್‌ಪಿ ಮಿನರಲ್ ಆಯಿಲ್ ಬಳಸುತ್ತವೆ. ಹೋಪ್ ಡಾಟ್ ಬಳಸುತ್ತದೆ. ಎಸ್‌ಆರ್‌ಎಎಂನಲ್ಲಿ ಕೋಡ್, ಗೈಡ್ ಇವು ಡಾಟ್, ಮೇವನ್ ಮತ್ತು ಡಿಬಿ8 ಮಿನರಲ್. ಒಂದೇ ಕಂಪನಿ ಅಂತ ಒಂದೇ ಆಯಿಲ್ ಅಂದುಕೊಳ್ಳಬೇಡಿ, ಲಿವರ್ ಮೇಲೆ ಬರೆದಿರುವುದನ್ನು ಓದಿ. ಡಾಟ್ 5 ಅನ್ನುವುದು ಬೇರೆಯೇ ಸಿಲಿಕೋನ್ ಆಯಿಲ್, ಅದು 5.1ರ ಜಾಗಕ್ಕೆ ಬರುವುದಿಲ್ಲ.

ಇನ್ನೊಂದು ಕೇಳಬೇಕಿತ್ತು. ಒಳಗೆ ಹೋದದ್ದು ಯಾವ ಲಿವರ್? ಹಿಂದಿನದೇ ಆಗಿದ್ದರೆ ಬ್ರೇಕಿನ ಜೊತೆ ನಿಮ್ಮ ಅಭ್ಯಾಸವನ್ನೂ ನೋಡಬೇಕು. ಮುಂದಿನ ಬ್ರೇಕು ಒತ್ತಿದರೆ ಬಿದ್ದೇ ಹೋಗುತ್ತೇವೆ ಅನ್ನುವ ಭಯದಿಂದ ಎಷ್ಟೋ ಜನ ಹಿಂದಿನದನ್ನೇ ಹಿಡಿದುಕೊಂಡು, ಎಳೆದುಕೊಂಡು ಇಡೀ ಇಳಿಜಾರು ಇಳಿಯುತ್ತಾರೆ. ಬ್ರೇಕು ಹಿಡಿದಾಗ ಭಾರ ಮುಂದಕ್ಕೆ ಬರುತ್ತದೆ, ಹಿಂದಿನ ಟೈರು ಹಗುರಾಗುತ್ತದೆ, ಹಾಗಾಗಿ ನಿಲ್ಲಿಸುವ ಕೆಲಸದ ದೊಡ್ಡ ಪಾಲು ಮುಂದಿನದ್ದೇ. ತಿರುವಿನ ಮುಂಚೆ ಎರಡನ್ನೂ ಸೇರಿಸಿ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಆಮೇಲೆ ಪೂರ್ತಿ ಬಿಡಿ. ಬಿಟ್ಟಾಗಲೇ ರೋಟರ್ ತಣಿಯುವುದು.

ಇಷ್ಟೆಲ್ಲ ಮಾಡಿದ ಮೇಲೂ ಬೆರಳು ಸೋಲುತ್ತಿದ್ದರೆ ಆಗ ನಾಲ್ಕು ಪಿಸ್ಟನ್‌ಗೆ ಹೋಗಿ. ನಿಮ್ಮ ತೂಕ ನೋಡಿದರೆ ಬಹುಶಃ ಹೋಗುವಿರಿ ಅಂತ ನನಗೆ ಅನ್ನಿಸುತ್ತದೆ, ತಪ್ಪೇನಿಲ್ಲ. ಪಿಸ್ಟನ್‌ಗಳ ಒಟ್ಟು ಅಗಲ ಜಾಸ್ತಿ ಇರುವುದರಿಂದ ಅದೇ ಒತ್ತಿಗೆ ಹೆಚ್ಚು ಬಲ ಬರುತ್ತದೆ, ಪ್ಯಾಡು ಉದ್ದ ಇರುವುದರಿಂದ ಬಿಸಿ ಹಂಚಿಹೋಗುತ್ತದೆ. ಆದರೆ 160ರ ರೋಟರ್‌ಗೆ ನಾಲ್ಕು ಪಿಸ್ಟನ್ ಹಾಕಿಸಿ ಸುಮ್ನೆ ಕೂರಬೇಡಿ. ಬಿಸಿ ಹುಟ್ಟುವುದು ಅಷ್ಟೇ, ಅದನ್ನು ಹೊರುವ ತಗಡೂ ಅಷ್ಟೇ ಸಣ್ಣದು.

ಯಾವುದು ಅಂದರೆ, ನಾನು ಶಿಮಾನೋ ಡಿಯೋರ್ ಎಂ6120 ಇಂದ ಶುರುಮಾಡುತ್ತೇನೆ. ಅದೇ ಕಂಪನಿಯ ಮೇಲಿನ ದರ್ಜೆಯ ಎಸ್‌ಎಲ್‌ಎಕ್ಸ್, ಎಕ್ಸ್‌ಟಿಗೂ ಇದಕ್ಕೂ ಹಿಡಿಯುವ ಶಕ್ತಿಯಲ್ಲಿ ದೊಡ್ಡ ಅಂತರ ಇಲ್ಲ. ಲಿವರ್ ದೂರ ಹೊಂದಿಸುವ ಅನುಕೂಲ, ಹೊರಗಿನ ನಯ, ಇಂಥವಕ್ಕೆ ಮೇಲಿನವು. ಮಗೂರಾ ಎಂಟಿ5 ತುಂಬಾ ಜೋರು, ಆದರೆ ಅದರ ಲಿವರ್ ಭಾಗ ಪ್ಲಾಸ್ಟಿಕ್ ಜಾತಿಯದು, ಬೋಲ್ಟ್ ಬಿಗಿ ಮಾಡುವಾಗ ಟಾರ್ಕ್ ರೆಂಚ್ (ಎಷ್ಟು ಬಿಗಿ ಅಂತ ಅಳೆಯುವ ಸ್ಪ್ಯಾನರ್) ಇಲ್ಲದೆ ಮುಟ್ಟಬೇಡಿ. ಎಸ್‌ಆರ್‌ಎಎಂ ಕೋಡ್‌ನ ಹಿಡಿತ ನಿಧಾನವಾಗಿ ಏರುತ್ತದೆ, ಜಾರುವ ನೆಲದಲ್ಲಿ ಎಷ್ಟು ಬೇಕೋ ಅಷ್ಟೇ ಒತ್ತಲು ಸುಲಭ. ಶಿಮಾನೋದ್ದು ಲಿವರ್ ಸ್ವಲ್ಪ ಒತ್ತುತ್ತಲೇ ಕಚ್ಚುತ್ತದೆ. ಇದು ಕೈಗೆ ಬಿಟ್ಟ ವಿಷಯ, ಗೆಳೆಯರ ಬೈಕಿನಲ್ಲಿ ಓಡಿಸಿ ನೋಡಿ.

ನಂಬಿಕೆಯ ಪ್ರಶ್ನೆಗೆ ಬಂದರೆ ನನ್ನ ಅಳತೆ ಬೇರೆ. ಯಾವ ಬ್ರೇಕಿನ ಪ್ಯಾಡು, ಆಯಿಲ್, ಬ್ಲೀಡ್ ಕಿಟ್ ನಿಮ್ಮ ಕೈಗೆ ಸುಲಭವಾಗಿ ಸಿಗುತ್ತದೋ ಅದೇ ನಂಬಿಕೆಯ ಬ್ರೇಕು. ಹೋಪ್ ತನ್ನ ಬ್ರೇಕಿನ ಸಣ್ಣ ಸೀಲನ್ನೂ ಬಿಡಿಯಾಗಿ ಮಾರುತ್ತದೆ, ವರ್ಷಗಟ್ಟಲೆ ರಿಪೇರಿ ಮಾಡಿಕೊಂಡು ಓಡಿಸಬಹುದು. ಶಿಮಾನೋ ಕ್ಯಾಲಿಪರ್‌ನ ಸೀಲು ಸೋರಿದರೆ ಸಾಮಾನ್ಯವಾಗಿ ಕ್ಯಾಲಿಪರ್ ಪೂರ್ತಿ ಬದಲಿಸಬೇಕು. ಆದರೆ ಅದರ ಪ್ಯಾಡು ಹುಡುಕಿ ಅಲೆಯಬೇಕಾಗುವುದು ಅಪರೂಪ. ದೂರದ ದಾರಿಗೆ ಹೋಗುವವರಿಗೆ ಇದು ದೊಡ್ಡ ಮಾತು.

ಪ್ರಶ್ನೆ: ನನ್ನದು ಕೇಬಲ್‌ನ ಡಿಸ್ಕ್ ಬ್ರೇಕು. ಹೈಡ್ರಾಲಿಕ್‌ಗೆ ಬದಲಾಯಿಸಲೇಬೇಕಾ?

ಉತ್ತರ: ಬೆಟ್ಟ ಇಳಿಯುವವರಾದರೆ ಹೌದು. ಕೇಬಲ್ ಹಿಗ್ಗುತ್ತದೆ, ಹೊರಗಿನ ಕೊಳವೆಯೊಳಗೆ ಕೆಸರು ಸೇರಿ ತಿಕ್ಕುತ್ತದೆ, ನೀವು ಒತ್ತಿದ ಬಲದಲ್ಲಿ ಒಂದಷ್ಟು ದಾರಿಯಲ್ಲೇ ಕಳೆದುಹೋಗುತ್ತದೆ. ಪ್ಯಾಡು ಸವೆದಂತೆ ನೀವೇ ತಿರುಗಿಸಿ ಹತ್ತಿರ ತರುತ್ತಾ ಇರಬೇಕು. ಹೈಡ್ರಾಲಿಕ್‌ನಲ್ಲಿ ಆ ಕೆಲಸ ತಾನಾಗೇ ಆಗುತ್ತದೆ. ಕೇಬಲ್‌ಗೆ ಇರುವ ದೊಡ್ಡ ಗುಣ ಅಂದರೆ ದಾರಿಯಲ್ಲಿ ಒಂದು ಕೇಬಲ್, ಒಂದು ಅಲೆನ್ ಕೀ ಇದ್ದರೆ ರಿಪೇರಿ ಆಗುತ್ತದೆ. ಸಾಮಾನು ಹೇರಿಕೊಂಡು ತಿಂಗಳುಗಟ್ಟಲೆ ಸುತ್ತುವವರು ಅದನ್ನೇ ಉಳಿಸಿಕೊಂಡರೆ ನನಗೆ ಅರ್ಥವಾಗುತ್ತದೆ.

ಪ್ರಶ್ನೆ: ಹೊಸ ಪ್ಯಾಡು ಹಾಕಿ ಎರಡೇ ದಿನ ಆಯಿತು. ಬ್ರೇಕು ಕಿರುಚುತ್ತದೆ, ಹಿಡಿತವೂ ಇಲ್ಲ. ಪ್ಯಾಡು ನಕಲಿಯಾ?

ಉತ್ತರ: ನಕಲಿ ಇರಬಹುದು, ಆದರೆ ಅದಕ್ಕೆ ಮುಂಚೆ ಎರಡು ವಿಷಯ ನೋಡಿ. ಒಂದು, ಪ್ಯಾಡನ್ನು ಪಳಗಿಸಿದಿರಾ? ಹೊಸ ಪ್ಯಾಡು ಹಾಕಿದ ಮೇಲೆ 20 ಕಿ.ಮೀ. ವೇಗಕ್ಕೆ ಏರಿ, ಒಂದೇ ಬ್ರೇಕು ಗಟ್ಟಿಯಾಗಿ ಒತ್ತಿ ನಡಿಗೆಯ ವೇಗಕ್ಕೆ ಇಳಿಸಬೇಕು. ಚಕ್ರ ಲಾಕ್ ಆಗಬಾರದು, ಪೂರ್ತಿ ನಿಲ್ಲಿಸಲೂಬಾರದು. ಒಂದೊಂದು ಬ್ರೇಕಿಗೂ ಹೀಗೆ ಇಪ್ಪತ್ತು ಸಲ. ಪ್ಯಾಡಿನ ತೆಳು ಪದರ ರೋಟರ್ ಮೇಲೆ ಸಮನಾಗಿ ಕೂತ ಮೇಲೇ ನಿಜವಾದ ಹಿಡಿತ ಬರುವುದು. ಇದನ್ನು ಮಾಡದೆ ನೇರ ಇಳಿಜಾರಿಗೆ ಹೋದರೆ ಒಳ್ಳೆಯ ಪ್ಯಾಡೂ ಕೆಡುತ್ತದೆ.

ಎರಡು, ಎಣ್ಣೆ. ಚೈನಿಗೆ ಸ್ಪ್ರೇ ಹೊಡೆದಿರಾ? ಕಣ್ಣಿಗೆ ಕಾಣದಷ್ಟು ಹನಿ ರೋಟರ್ ಮೇಲೆ ಬಿದ್ದರೂ ಸಾಕು. ಬೆರಳಿನ ಜಿಡ್ಡೂ ಒಳ್ಳೆಯದಲ್ಲ. ರೋಟರನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಶುದ್ಧ ಬಟ್ಟೆಯಲ್ಲಿ ಒರೆಸಿ, ಪ್ಯಾಡನ್ನು ಉಪ್ಪುಕಾಗದದ ಮೇಲೆ ಸ್ವಲ್ಪ ಉಜ್ಜಿ ಮತ್ತೆ ಪಳಗಿಸಿ. ಎಣ್ಣೆ ಒಳಕ್ಕೆ ಇಳಿದಿದ್ದರೆ ಆ ಪ್ಯಾಡು ಬರುವುದಿಲ್ಲ, ಹೊಸದೇ ಹಾಕಿ. ಒಲೆಯ ಮೇಲೆ ಸುಟ್ಟು ಎಣ್ಣೆ ತೆಗೆಯುವ ಉಪಾಯ ಕೆಲವರು ಹೇಳುತ್ತಾರೆ. ಪ್ಯಾಡು ತಗಡಿನಿಂದ ಬಿಟ್ಟುಬರುವ ಅಪಾಯ ಇದೆ, ದಯವಿಟ್ಟು ಮಾಡಬೇಡಿ.

ಪ್ರಶ್ನೆ: ಚಕ್ರ ಬಿಚ್ಚಿದ್ದಾಗ ಮಗು ಲಿವರ್ ಒತ್ತಿಬಿಟ್ಟಿತು. ಈಗ ಪ್ಯಾಡುಗಳ ನಡುವೆ ರೋಟರ್ ಹೋಗುತ್ತಿಲ್ಲ.

ಉತ್ತರ: ಏನೂ ಹಾಳಾಗಿಲ್ಲ, ಪಿಸ್ಟನ್ ಮುಂದೆ ಬಂದಿವೆ ಅಷ್ಟೇ. ಅಗಲವಾದ ಪ್ಲಾಸ್ಟಿಕ್ ಪಟ್ಟಿಯನ್ನು ಪ್ಯಾಡುಗಳ ನಡುವೆ ತೂರಿಸಿ ನಿಧಾನವಾಗಿ ಅಗಲಿಸಿ, ಪಿಸ್ಟನ್ ಹಿಂದೆ ಹೋಗುತ್ತವೆ. ಸ್ಕ್ರೂಡ್ರೈವರ್ ಬೇಡ, ಪ್ಯಾಡಿನ ಮುಖ ಒಡೆಯುತ್ತದೆ. ಚಕ್ರ ಕೂರಿಸಿ, ಲಿವರನ್ನು ಗಟ್ಟಿಯಾಗುವವರೆಗೆ ಕೆಲವು ಸಲ ಒತ್ತಿ. ರೋಟರ್ ಒಂದು ಕಡೆ ಉಜ್ಜುತ್ತಿದ್ದರೆ ಕ್ಯಾಲಿಪರ್‌ನ ಎರಡು ಬೋಲ್ಟ್ ಸಡಿಲಿಸಿ, ಲಿವರ್ ಒತ್ತಿ ಹಿಡಿದುಕೊಂಡೇ ಮತ್ತೆ ಬಿಗಿ ಮಾಡಿ. ಇನ್ನು ಮುಂದೆ ಚಕ್ರ ಬಿಚ್ಚಿದ ತಕ್ಷಣ ಆ ಪ್ಲಾಸ್ಟಿಕ್ ಪಟ್ಟಿಯನ್ನು ಪ್ಯಾಡುಗಳ ನಡುವೆ ಸಿಕ್ಕಿಸಿಡಿ. ಹೊಸ ಬೈಕಿನ ಜೊತೆ ಬಂದದ್ದು ಎಲ್ಲೋ ಡ್ರಾಯರ್‌ನಲ್ಲಿ ಇದ್ದೇ ಇರುತ್ತದೆ, ಇಲ್ಲದಿದ್ದರೆ ನಾಲ್ಕಾಗಿ ಮಡಿಸಿದ ರಟ್ಟೂ ಆಗುತ್ತದೆ.