ಹಿಮ ನಿಂತು ಬಿಸಿಲು ಬಂದ ಮೇಲೆ ಗುಲ್ಮಾರ್ಗ್‌ನ ಅಫರ್ವತ್‌ನಲ್ಲಿ ಗೆರೆ ದಾಟಿ ಸ್ಕೀ ಮಾಡಬಹುದೇ?

ಬಿಸಿಲು ಬಂತೆಂದು ಇಳಿಯಬೇಡಿ. ಮೂರು ದಿನ ಸುರಿದು ನಿಂತರೆ, ಗೊಂಡೊಲಾ ಅನ್ನುವ ಕೇಬಲ್ ಕಾರಿನಲ್ಲಿ ಅಫರ್ವತ್ ಬೆಟ್ಟ ಹತ್ತಿ, ಗಸ್ತಿನವರು ನೋಡಿಕೊಳ್ಳುವ ಜಾಗದ ಆಚೆ ಇಳಿಯಬಹುದಲ್ವಾ ಅಂತ ಕೇಳಿದ್ದೀರಿ. ಮೊದಲ ವರ್ಷ ನಾನೂ ಹಾಗೇ ಅಂದುಕೊಂಡಿದ್ದೆ. (ನಮ್ಮ ಪತ್ರಿಕೆಗಳು ಹಿಮ ಬೀಳುವುದಕ್ಕೂ ಕುಸಿಯುವುದಕ್ಕೂ ‘ಹಿಮಪಾತ’ ಅಂತಲೇ ಬರೆಯುತ್ತವೆ. ನಾನು ಹೇಳುತ್ತಿರುವುದು ಕುಸಿತದ ಮಾತು.)

ಎರಡನೇ ಸಲ ಹೋದಾಗ ಗೈಡ್ ಗುಂಡಿ ತೋಡಿಸಿದರು. ಮೇಲಿನ ಎರಡಡಿ ಹೊಸ ಹಿಮ, ಕೊಯ್ದರೆ ಬರ್ಫಿ ಥರ ಬಿಲ್ಲೆಬಿಲ್ಲೆಯಾಗಿ ನಿಲ್ಲುತ್ತಿತ್ತು. ನೆಲದ ಹತ್ತಿರದ್ದು ಥೇಟ್ ಬನ್ಸಿ ರವೆ! ಉಂಡೆ ಕಟ್ಟಲು ಹೋದರೆ ಕೈಗವಸಿನ ಸಂದಿಯಿಂದ ಸುರಿದೇ ಹೋಯಿತು. ಚಳಿಗಾಲದ ಶುರುವಿನಲ್ಲಿ ತೆಳ್ಳಗೆ ಬಿದ್ದ ಹಿಮ ಅದು. ಕೆಳಗೆ ನೆಲ ಸೊನ್ನೆ ಡಿಗ್ರಿಯ ಆಸುಪಾಸು, ಮೇಲೆ ಗಾಳಿ ಅದಕ್ಕಿಂತ ಎಷ್ಟೋ ತಣ್ಣಗೆ. ನಡುವೆ ಆವಿ ಮೇಲೇರುತ್ತಾ ಹರಳುಗಳು ದಪ್ಪಗಾಗಿ, ಒಂದಕ್ಕೊಂದು ಇದ್ದ ಅಂಟು ಬಿಟ್ಟುಕೊಳ್ಳುತ್ತವೆ. ಮೇಲೆ ಎಷ್ಟು ಬಿದ್ದರೂ ಆ ರವೆ ವಾರಗಟ್ಟಲೆ ಹಾಗೇ ಇರುತ್ತದೆ, ಮೇಲಿನ ಹಿಮ ಅದರ ಮೇಲೇ ಜಾರುತ್ತದೆ. ಹಿಮ ಕಡಿಮೆಯಾದ ವರ್ಷ ಅಪಾಯವೂ ಕಡಿಮೆ ಅನ್ನುವ ಲೆಕ್ಕ ತಪ್ಪುವುದು ಇಲ್ಲೇ. 2024ರ ಜನವರಿಯಲ್ಲಿ ಗುಲ್ಮಾರ್ಗ್ ಬೋಳಾಗಿತ್ತು. ಫೆಬ್ರವರಿಯಲ್ಲಿ ಜೋರಾಗಿ ಸುರಿಯಿತು, 22ರಂದು ಕುಸಿತಕ್ಕೆ ಸಿಕ್ಕಿ ರಷ್ಯಾದ ಸ್ಕೀಯರ್ ಒಬ್ಬರು ತೀರಿಕೊಂಡರು.

ಆಮೇಲೆ ಗುಂಡಿಯ ಗೋಡೆಯಲ್ಲಿ ಒಂದಡಿ ಅಗಲದ ಕಂಬ ಕೊರೆದು, ಆ ಕಂಬದ ತಲೆ ಮೇಲೆ ಸಲಿಕೆ ಇಟ್ಟು ತಟ್ಟಿದೆವು. ಮಣಿಕಟ್ಟಿನಿಂದ 10 ಏಟು, ಮೊಣಕೈಯಿಂದ 10, ಕೊನೆಗೆ ಭುಜದಿಂದ 10. ಭುಜದವರೆಗೆ ಹೋಗಲೇ ಇಲ್ಲ. 13ನೇ ಏಟಿಗೆ ಬರ್ಫಿ ಅಷ್ಟೂ ಮೇಜಿನ ಡ್ರಾಯರ್ ಎಳೆದ ಹಾಗೆ ಜಾರಿ ನನ್ನ ಮೊಣಕಾಲ ಮೇಲೆ ಬಂತು. ಎಂಥ ಬಿಸಿಲು ಅಂತೀರಿ ಆವತ್ತು! ಗೊಂಡೊಲಾದಲ್ಲೇ ವಾಪಸ್ ಬಂದೆವು.

ಹೆಚ್ಚಾಗಿ ಕುಸಿಯುವುದು 30ರಿಂದ 45 ಡಿಗ್ರಿ ಇಳಿಜಾರು, ಫೋನಿನಲ್ಲೇ ಅಳೆಯಬಹುದು. ನೀವು ನಿಂತದ್ದು ಸಮತಟ್ಟಾದರೂ ಮೇಲೆ ಅಂಥದ್ದಿದ್ದರೆ ಅದೂ ಲೆಕ್ಕಕ್ಕೆ. ಕಾಲಡಿ ಹಿಮ ‘ಧೊಪ್’ ಅಂತ ಕೂತರೆ, ಸ್ಕೀ ತುದಿಯಿಂದ ಬಿರುಕು ಓಡಿದರೆ, ಅಲ್ಲಿಂದಲೇ ತಿರುಗಿ. ಕುಸಿತದ ಮುನ್ಸೂಚನೆಯಲ್ಲಿ ಅಪಾಯ 5ಕ್ಕೆ 3 ಅಂತಿದ್ದರೆ ಪರೀಕ್ಷೆಯ ಅಂಕ ನೋಡಿದ ಹಾಗೆ ‘ಪಾಸು’ ಅಂದುಕೊಳ್ಳಬೇಡಿ, ಇಲ್ಲಿ ಅಂಕ ಹೆಚ್ಚಿದಷ್ಟೂ ಅಪಾಯ ಹೆಚ್ಚು.

ಸಿಯಾಚಿನ್‌ನಲ್ಲಿ ನಮ್ಮ ಧಾರವಾಡ ಜಿಲ್ಲೆಯ ಹನುಮಂತಪ್ಪ ಕೊಪ್ಪದ 6 ದಿನ ಹಿಮದಡಿ ಜೀವ ಹಿಡಿದಿದ್ದರಲ್ಲ ಅಂತ ಯಾರಾದರೂ ಅಂದೇ ಅನ್ನುತ್ತಾರೆ. 2016ರ ಆ ಕುಸಿತದಲ್ಲಿ ಜೊತೆಗಿದ್ದ 9 ಯೋಧರು ಉಳಿಯಲಿಲ್ಲ. ಕೊಪ್ಪದರೂ ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಹೂತುಹೋದವರಿಗೆ ಸಿಗುವುದು ಮೊದಲ 10-15 ನಿಮಿಷ, ತೆಗೆಯಬೇಕಾದವರು ಪಕ್ಕದ ಗೆಳೆಯರೇ. ಹಾಗಾಗಿ ಪ್ರತಿಯೊಬ್ಬರ ಹತ್ತಿರವೂ ಟ್ರಾನ್ಸೀವರ್ (ಹೂತವರಿರುವ ಜಾಗವನ್ನು ರೇಡಿಯೊ ಸಂಕೇತದಿಂದ ಪತ್ತೆಹಚ್ಚುವ ಸಾಧನ), ಚುಚ್ಚಿ ನೋಡುವ ಕೋಲು, ಸಲಿಕೆ ಮೂರೂ ಇರಲಿ. ಹಿಂದಿನ ಸಂಜೆ ಹೋಟೆಲ್ ಹಿತ್ತಲಲ್ಲಿ ಒಂದು ಟ್ರಾನ್ಸೀವರನ್ನು ಚೀಲಕ್ಕೆ ಹಾಕಿ ಹೂತು ಹುಡುಕಿ ನೋಡಿ. ನನಗೆ ಮೊದಲ ಸಲ 22 ನಿಮಿಷ ಹಿಡಿಯಿತು.