ಅಮೃತಬಳ್ಳಿ ಕಷಾಯವನ್ನು ದಿನಾ ಕುಡಿಯಬಹುದೇ?

ದಿನಾ, ತಿಂಗಳುಗಟ್ಟಲೆ ಬೇಡ. ಜ್ವರ ಬಂದಾಗ ಹೆಬ್ಬೆರಳು ಗಾತ್ರದ ಕಾಂಡ ಜಜ್ಜಿ, ಕುದಿಸಿ ನಾಲ್ಕೈದು ದಿನ ಕುಡಿಯುವುದು ನಮ್ಮ ಕಡೆ ಹಳೆಯ ರೂಢಿ. ಔಷಧಿಗೆ ಎಲೆಗಿಂತ ಕಾಂಡವೇ ಮುಖ್ಯ. ಬೇವಿನ ಮರಕ್ಕೆ ಹಬ್ಬಿದ ಬಳ್ಳಿ ಇನ್ನೂ ಒಳ್ಳೆಯದು ಅಂತಾರೆ. ಕಹಿಯಂತೂ ಗ್ಯಾರಂಟಿ!

ತೊಂದರೆ ಶುರುವಾಗಿದ್ದು ಕೊರೊನಾ ಕಾಲದಲ್ಲಿ. ರೋಗನಿರೋಧಕ ಶಕ್ತಿಗೆ ಅಂತ ಜನ ಸುಮ್ನೆ ದಿನಾ ಕುಡಿದರು. 2021ರಲ್ಲಿ ಮುಂಬೈ ವೈದ್ಯರು, ಹಾಗೆ ಕುಡಿದ ಕೆಲವರ ಲಿವರ್‌ಗೆ ಪೆಟ್ಟಾಗಿದೆ ಎಂದು ವರದಿ ಮಾಡಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ. ಅವರು ಕುಡಿದದ್ದು ಇದೇ ಜಾತಿಯ ಟಿನೊಸ್ಪೊರಾ ಕ್ರಿಸ್ಪಾ ಎಂಬ ಬೇರೆ ಬಳ್ಳಿ ಇರಬಹುದು ಎಂದಿತು. ಎರಡಕ್ಕೂ ಹೃದಯದಾಕಾರದ ಎಲೆ. ಕ್ರಿಸ್ಪಾದ ಕಾಂಡದ ಮೇಲೆ ಗಂಟುಗಂಟಾಗಿ ಗುಳ್ಳೆಗಳು ಜಾಸ್ತಿ. ಯಾರ ವಾದ ಸರಿಯಾದರೂ ನಾವು ಹುಷಾರಾಗಿರಬೇಕು ತಾನೇ?

ಅಮೃತಬಳ್ಳಿ ರಕ್ತದ ಸಕ್ಕರೆಯನ್ನೂ ಇಳಿಸಬಲ್ಲದು. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ಜೊತೆ ಸೇರಿದರೆ ಸಕ್ಕರೆ ತೀರಾ ಕಮ್ಮಿಯಾಗಬಹುದು. ಸಂಧಿವಾತ, ಲೂಪಸ್‌ನಂಥ ಕಾಯಿಲೆಗಳಲ್ಲಿ ದೇಹದ ರಕ್ಷಣಾ ವ್ಯವಸ್ಥೆ ತನ್ನ ಮೇಲೇ ಮುಗಿಬಿದ್ದಿರುತ್ತದೆ. ಈ ಕಷಾಯ ಕುಡಿದು ಅದನ್ನು ಇನ್ನಷ್ಟು ಕೆರಳಿಸುವುದು ಯಾಕೆ? ಲಿವರ್ ತೊಂದರೆ ಇದ್ದವರು, ಗರ್ಭಿಣಿಯರು, ಎದೆಹಾಲು ಕುಡಿಸುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಆಪರೇಷನ್ ಇದ್ದರೆ ಎರಡು ವಾರ ಮೊದಲೇ ನಿಲ್ಲಿಸಿ.

ಕುಡಿಯುವಾಗ ಕಣ್ಣು ಹಳದಿಯಾದರೆ, ಮೂತ್ರದ ಬಣ್ಣ ಗಾಢವಾದರೆ ತಕ್ಷಣ ಬಿಟ್ಟು ವೈದ್ಯರ ಬಳಿ ಹೋಗಿ. ಕಷಾಯ ಕುಡಿದ ವಿಷಯ ಮುಚ್ಚಿಡಬೇಡಿ.